ರಬ್ಬರು ಹೊತ್ತ ಪೆನ್ಸಿಲು: ಒಂದು ತೀರ್ಪಿನ ವಿಮರ್ಶೆ

ಎರಡು ಹಳೆಯ ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಕೂಡಿಸಿದವನು ಹೊಸದೊಂದನ್ನು ನಿರ್ಮಿಸಿದನೆಂದು ಹೇಳಬಹುದೆ? ಪೇಟೆಂಟ್ ಕಾನೂನಿನ ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 1875ರಲ್ಲಿ, ರೆಕೆನ್‌ಡಾರ್ಫರನು ಫೇಬರನ ಮೇಲೆ ಹೂಡಿದ ದಾವೆಯಲ್ಲಿ, ಇಲ್ಲವೆಂದು ಉತ್ತರ ಕೊಟ್ಟಿತು. ತೀರ್ಪು ಸರಿಯಾದುದೇ, ಅದಕ್ಕೆ ಕೊಟ್ಟ ಕಾರಣ ಮಾತ್ರ ಸಾಲದೆಂಬುದು ನಮ್ಮ ಅಭಿಪ್ರಾಯ.

ಹೈಮನ್ ಲಿಪ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಪೆನ್ಸಿಲಿನಲ್ಲಿ ಮರದ ಒಂದು ತುದಿಯೊಳಗೆ ಸೀಸದ ಕಡ್ಡಿಯೂ ಇನ್ನೊಂದು ತುದಿಯೊಳಗೆ ರಬ್ಬರೂ ಇದ್ದುವು. ಎರಡು ತುದಿಗಳನ್ನೂ ಹೆರೆದುಕೊಳ್ಳಬಹುದಿತ್ತು. ಈ ಹಕ್ಕನ್ನು ರೆಕೆನ್‌ಡಾರ್ಫರನು ಕೊಂಡುಕೊಂಡಿದ್ದನು. ನ್ಯಾಯಮೂರ್ತಿ ಹಂಟರ ವಾದ ಸರಳವಾದುದು: ಸೀಸ ಬರೆಯುವಾಗ ರಬ್ಬರು ಸುಮ್ಮನಿರುತ್ತದೆ, ರಬ್ಬರು ಅಳಿಸುವಾಗ ಸೀಸ ಸುಮ್ಮನಿರುತ್ತದೆ, ಕೂಡಿದ್ದರಿಂದ ಅನುಕೂಲ ಹೆಚ್ಚಿತೇ ಹೊರತು ಹೊಸ ಫಲ ಹುಟ್ಟಲಿಲ್ಲ. ಮರ ಕೊಯ್ಯುವ ಯಂತ್ರದಲ್ಲಾದರೋ ದಿಮ್ಮಿಯನ್ನು ಮುಂದೂಡುವ ಚೌಕಟ್ಟೂ ಗರಗಸವೂ ಏಕಕಾಲದಲ್ಲಿ ಒಂದೇ ಕಾರ್ಯವನ್ನು ಸಾಧಿಸುತ್ತವೆ.

ಈ ಒರೆಗಲ್ಲು ವಸ್ತುವನ್ನು ಪರೀಕ್ಷಿಸುತ್ತದೆ. ಅದನ್ನು ಮಾಡಿದವನ ಬುದ್ಧಿಯನ್ನಲ್ಲ. 1980ರಲ್ಲಿ ಟಿಮ್ ಲೆದರ್‌ಮನ್ ಪೇಟೆಂಟ್ ಪಡೆದ ಮಡಿಚುವ ಉಪಕರಣವನ್ನು ನೋಡಬಹುದು. ಅದರಲ್ಲಿ ಇಕ್ಕಳ ಹಿಡಿಯುವಾಗ ಚಾಕು ಸುಮ್ಮನಿರುತ್ತದೆ, ಚಾಕು ಕೊಯ್ಯುವಾಗ ಇಕ್ಕಳ ಸುಮ್ಮನಿರುತ್ತದೆ. ಹಂಟರ ಮಾತನ್ನು ಅಕ್ಷರಶಃ ಹಿಡಿದರೆ ಇದೂ ಬರಿಯ ಜೋಡಣೆಯೇ. ಆದರೆ ಅಲ್ಲಿನ ಜಾಣ್ಮೆ ಚಾಕುವಿನಲ್ಲಾಗಲಿ ಇಕ್ಕಳದಲ್ಲಾಗಲಿ ಇಲ್ಲ. ಇಕ್ಕಳದ ಬಾಯಿ ತನ್ನ ಹಿಡಿಗಳ ಪೊಳ್ಳಿನೊಳಗೇ ಮಡಿಚಿಕೊಂಡು ಅಡಗುವ ಏರ್ಪಾಟಿನಲ್ಲಿದೆ. ಕೂಡಿಸುವುದೇ ಕಷ್ಟವಾಗಿದ್ದಲ್ಲಿ ಶೋಧನೆ ಇರುವುದು ಸಂದಿಯಲ್ಲಿ. ಭಾಗಗಳ ಕೆಲಸವನ್ನಷ್ಟೇ ಎಣಿಸುವವನಿಗೆ ಅದು ಕಾಣದು.

ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಆ ಕಸುಬು ಬಲ್ಲ ಸಾಮಾನ್ಯ ಕೆಲಸಗಾರನಿಗೆ ಈ ಜೋಡಣೆ ಅಂದು ತಾನಾಗಿ ಹೊಳೆಯುತ್ತಿತ್ತೆ? ಅಮೆರಿಕದ ಅದೇ ಕೋರ್ಟು 1966ರಲ್ಲಿ ಜಾನ್ ಡಿಯರ್ ಕಂಪೆನಿಯ ನೇಗಿಲಿನ ಮೊಕದ್ದಮೆಯಲ್ಲಿ ಈ ಪ್ರಶ್ನೆಯನ್ನು ಕ್ರಮಬದ್ಧಗೊಳಿಸಿತು. ಇದರ ಅಪಾಯವನ್ನೂ ಮರೆಯಲಾಗದು. ರಬ್ಬರಿರುವ ಪೆನ್ಸಿಲನ್ನು ಕಚ್ಚುತ್ತಲೇ ಶಾಲೆ ಕಲಿತ ನಮಗೆ ಅದು ಯಾರಿಗೂ ಹೊಳೆಯದಿದ್ದ ಕಾಲವನ್ನು ಊಹಿಸುವುದೂ ಕಷ್ಟ. ನ್ಯಾಯಾಧೀಶನು ಮೊದಲು ಶಂಕಿಸಬೇಕಾದುದು ಈ ಹಿಂದರಿವನ್ನು.

ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೆಯ ಪ್ರಕರಣದ ಎಫ್ ಖಂಡ, ಪರಿಚಿತ ರೀತಿಯಲ್ಲಿ ಪರಸ್ಪರ ಸ್ವತಂತ್ರವಾಗಿ ವರ್ತಿಸುವ ಪರಿಚಿತ ಸಾಧನಗಳ ಬರಿಯ ಜೋಡಣೆಯನ್ನು ಶೋಧನೆಯೆಂದು ಒಪ್ಪುವುದಿಲ್ಲ. ಇದು ಬಹುಮಟ್ಟಿಗೆ ಹಂಟರ ಒರೆಗಲ್ಲೇ. ‘ಬರಿಯ’ ಎಂಬ ಪದಕ್ಕೆ ತಕ್ಕ ತೂಕ ಕೊಡದೆ ಓದಿದರೆ ಲೆದರ್‌ಮನ್ನನ ಇಕ್ಕಳವೂ ಇಲ್ಲಿ ಸೋತೀತು. 1978ರಲ್ಲಿ ಬಿಶ್ವನಾಥ ಪ್ರಸಾದ ಮೊಕದ್ದಮೆಯಲ್ಲಿ, ಪಾತ್ರೆಗಳನ್ನು ತಿರುಗಣೆಯಲ್ಲಿ ಹಿಡಿದಿಡುವ ಸಾಧನದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟು ರದ್ದುಗೊಳಿಸಿದಾಗ, ಕಾರ್ಯಾಗಾರದ ಸಾಮಾನ್ಯ ಸುಧಾರಣೆಗಿಂತ ಹೆಚ್ಚಿನದೇನಿದೆ ಎಂದು ಕೇಳಿತು. ಇದು ಕಸುಬಿನವನ ಕಡೆಯಿಂದ ಕೇಳಿದ ಪ್ರಶ್ನೆ. ನಮಗೆ ಇದೇ ಹೆಚ್ಚು ಒಪ್ಪಿಗೆ. ಪಾತ್ರೆ ತಯಾರಿಸುವವನು ನಿತ್ಯದ ಅನುಭವದಿಂದ ಮಾಡಿಕೊಳ್ಳುವ ಮಾರ್ಪಾಟನ್ನು ಒಬ್ಬನ ಸೊತ್ತೆಂದು ಬರೆದುಕೊಟ್ಟರೆ ಉಳಿದವರ ಕೈ ಕಟ್ಟಿದಂತಾಗುತ್ತದೆ.

ಲಿಪ್‌ಮನ್ನನ ಪೆನ್ಸಿಲಿಗೆ ಈ ಪ್ರಶ್ನೆಯನ್ನು ಹಾಕಿದರೂ ಉತ್ತರ ಬದಲಾಗದು. ಮರದ ತೋಡಿನಲ್ಲಿ ಸೀಸವನ್ನು ಕೂರಿಸಬಲ್ಲವನಿಗೆ ಅದೇ ತೋಡಿನಲ್ಲಿ ರಬ್ಬರನ್ನು ಕೂರಿಸಲು ಬೇರೆ ವಿದ್ಯೆ ಬೇಕಾಗಿರಲಿಲ್ಲ.