ಸ್ವೇಡ್ ಅಟ್ಟೆಯ ಷೂ

ಬಾಲ್‌ರೂಂ ನೃತ್ಯದ ಸ್ಪರ್ಧೆಗೆ ಮೊದಲ ಸಲ ಇಳಿಯುವವರು ಉಡುಪಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಷೂ ನೋಡಿ. ಅದರ ಅಟ್ಟೆ ರಬ್ಬರಿನದಲ್ಲ, ಸ್ವೇಡ್ ಎಂಬ ಜುಂಗೆದ್ದ ಮೆದು ಚರ್ಮದ್ದು. ವಾಲ್ಟ್ಸ್ ಎಂಬ ನೃತ್ಯದಲ್ಲಿ ನಿಮಿಷಕ್ಕೆ 28ರಿಂದ 30 ಆವರ್ತ, ಒಂದೊಂದರಲ್ಲೂ ಮೂರು ಎಣಿಕೆ. ಅಷ್ಟರೊಳಗೆ ಪಾದ ಜಾರಲೂಬೇಕು, ಬೇಕಾದಲ್ಲಿ ಗಕ್ಕನೆ ನಿಲ್ಲಲೂಬೇಕು. ರಬ್ಬರ್ ನೆಲವನ್ನು ಹಿಡಿದುಬಿಡುತ್ತದೆ, ನುಣುಪು ಚರ್ಮ ಕೆಡವುತ್ತದೆ. ಸ್ವೇಡ್ ಎರಡನ್ನೂ ಸಂಭಾಳಿಸುತ್ತದೆ. ಮರದ ನೆಲದ ಧೂಳು, ಮೇಣ ಮೆತ್ತಿ ಅಟ್ಟೆ ಕಪ್ಪಗೆ ಹೊಳೆಯತೊಡಗಿದರೆ ಪುಟ್ಟ ತಂತಿ ಬ್ರಷ್‌ನಿಂದ ಗಸಗಸ ತಿಕ್ಕಿ ಜುಂಗು ಎಬ್ಬಿಸುತ್ತಾರೆ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ, 1920ರಲ್ಲಿ ಶುರುವಾದ ಹೆಸರಾಂತ ನೃತ್ಯೋತ್ಸವಕ್ಕೆ ಬರುವ ಘಟಾನುಘಟಿಗಳಿಗೂ ಈ ತಿಕ್ಕಾಟ ತಪ್ಪಿದ್ದಲ್ಲ.

ಸ್ಪರ್ಧೆಯಲ್ಲಿ ಯಾವ ಹಾಡು ಬರುತ್ತದೆಂದು ಮೊದಲೇ ತಿಳಿದಿರುವುದಿಲ್ಲ. ಬೆನ್ನಿಗೆ ನಂಬರು ಸಿಕ್ಕಿಸಿಕೊಂಡ ಜೋಡಿಗಳೆಲ್ಲ ಅಪ್ರದಕ್ಷಿಣವಾಗಿ ಸುತ್ತುತ್ತಿರುತ್ತವೆ (ಗುಡಿ ಸುತ್ತಿ ರೂಢಿಯಾದವರಿಗೆ ಇದು ಉಲ್ಟಾ ಅನ್ನಿಸೀತು). ಮುಂದಿನ ಜೋಡಿ ದಿಢೀರನೆ ನಿಂತರೆ ಕಾಪಾಡುವುದು ಅಟ್ಟೆಯೇ. ಎಷ್ಟು ಚೆಂದದ ಗೌನೂ ಆ ಕೆಲಸ ಮಾಡದು.

ಹೊಸ ಷೂವನ್ನು ಸ್ಪರ್ಧೆಯ ದಿನವೇ ಮೊದಲು ಹಾಕಬೇಡಿ, ಅಭ್ಯಾಸದಲ್ಲೇ ಪಳಗಿಸಿ. ಅದನ್ನು ಮೆಟ್ಟಿ ರಸ್ತೆಗಂತೂ ಇಳಿಯಲೇಬೇಡಿ, ನೀರು ತಾಗಿದರೆ ಸ್ವೇಡ್ ಕೆಡುತ್ತದೆ.