ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆ ಅಳೆಯುವುದೇನು?

ತಮಿಳುನಾಡಿನ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆ 100 ಅಂಕಗಳದ್ದು. ಮೊದಲಿದ್ದ ಎರಡು ಪತ್ರಿಕೆಗಳನ್ನು 2019-20ರಲ್ಲಿ ಒಂದಾಗಿಸಲಾಯಿತು. ಪಾಸಾಗಲು 35 ಅಂಕ ಬೇಕು. ಚೆನ್ನೈನ ಮಗುವಿಗೂ ಕೃಷ್ಣಗಿರಿ ಜಿಲ್ಲೆಯ ತಳಿ, ಡೆಂಕಣಿಕೋಟೆ, ಬಾಗಲೂರಿನ ಮಗುವಿಗೂ ಇದೇ ಪತ್ರಿಕೆ. ಈ ಗಡಿ ಊರುಗಳ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ ಅಥವಾ ತೆಲುಗು. 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯವಾಗಿ, ಇಂಗ್ಲಿಷ್ ಅಲ್ಲಿನ ಬಹಳ ಮಕ್ಕಳಿಗೆ ಮೂರನೆಯ ಭಾಷೆಯೇ ಆಗಿದೆ.

ಪತ್ರಿಕೆಯ ಮೊದಲ ಭಾಗದಲ್ಲಿ ಒಂದೊಂದು ಅಂಕದ 14 ಪ್ರಶ್ನೆಗಳಿವೆ: ಸಮಾನಾರ್ಥಕ ಪದ, ವಿರುದ್ಧ ಪದ, ಬಹುವಚನ, ಸಂಕ್ಷಿಪ್ತ ರೂಪ, ಸಮಾಸ ಪದ, ಪ್ರಿಪೊಸಿಷನ್, ಕಾಲ ಇತ್ಯಾದಿ. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳಿರುವುದರಿಂದ, ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಮೂರ್ನಾಲ್ಕು ಅಂಕ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪದಗಳ ಆಯ್ಕೆಯಲ್ಲಿದೆ. ಪಾಠದ ಕೊನೆಯ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಉತ್ತರ ಸಿಗುತ್ತದೆ, ಆ ಪದವನ್ನು ಬೇರೆ ವಾಕ್ಯದಲ್ಲಿ ಕಂಡರೆ ಅವನಿಗೆ ಗುರುತು ಹತ್ತುವುದೋ ಇಲ್ಲವೋ ತಿಳಿಯುವುದಿಲ್ಲ. ಮಕ್ಕಳು ಓದುವ ಗೈಡುಗಳಲ್ಲಿ ಅರ್ಥ ಕೊಟ್ಟಿರುವುದು ತಮಿಳಿನಲ್ಲಿ. ಕನ್ನಡದ ಮನೆಯ ಮಗು ಇಂಗ್ಲಿಷ್ ಪದವನ್ನು ಅರಿಯಲು ಮೊದಲು ಆ ತಮಿಳು ಪದವನ್ನು ಅರಿತಿರಬೇಕು. ಅಂಕ ಹೋದಾಗ ಅದು ಯಾವ ಮೆಟ್ಟಿಲಿನಲ್ಲಿ ಹೋಯಿತೆಂದು ಪತ್ರಿಕೆ ಹೇಳುವುದಿಲ್ಲ.

ವ್ಯಾಕರಣದ ಪ್ರಶ್ನೆಗಳು ಎರಡೆರಡು ಅಂಕದವು: ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದು, ಆಡಿದ ಮಾತನ್ನು ವರದಿಯ ರೂಪಕ್ಕೆ ತರುವುದು, ಪದಗಳನ್ನು ಜೋಡಿಸುವುದು. ‘ಶಿ ರೈಟ್ಸ್ ಎ ಲೆಟರ್’ ಎಂಬುದನ್ನು ‘ಎ ಲೆಟರ್ ಈಸ್ ರಿಟನ್ ಬೈ ಹರ್’ ಮಾಡಲು ಪತ್ರ ಎಂದರೇನೆಂದು ತಿಳಿದಿರಬೇಕಾಗಿಲ್ಲ. ಕೊನೆಯದನ್ನು ಮುಂದೆ ತಂದು, ಕ್ರಿಯಾಪದದ ಮೂರನೆಯ ರೂಪ ಹಾಕಿ, ‘ಬೈ’ ಸೇರಿಸಿದರೆ ಮುಗಿಯಿತು. ಇದು ಲೆಕ್ಕದ ಸೂತ್ರದಂತೆ ನಡೆಯುವ ಕೆಲಸ.

ಇದರ ಬದಲು ಹೀಗೆ ಕೇಳಬಹುದು: ತರಗತಿಯ ಕಿಟಕಿ ಒಡೆದಿದೆ, ಒಡೆದವರು ಯಾರೋ ಗೊತ್ತಿಲ್ಲ, ಹೆಡ್‌ಮಾಸ್ಟರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆ. ಒಂದು ಮಗು ‘ವಿಂಡೋ ಬ್ರೋಕ್ ಸರ್’ ಎಂದು ಬರೆಯುತ್ತದೆ, ಇನ್ನೊಂದು ‘ಸಮ್‌ಒನ್ ಬ್ರೋಕ್ ದಿ ವಿಂಡೋ’ ಎಂದು, ಮತ್ತೊಂದು ‘ದಿ ವಿಂಡೋ ಹ್ಯಾಸ್ ಬೀನ್ ಬ್ರೋಕನ್’ ಎಂದು. ಒಂದೇ ಪ್ರಶ್ನೆ ಮೂರು ಮಟ್ಟಗಳನ್ನು ಬೇರೆ ಮಾಡಿ ತೋರಿಸಿತು. ಮೊದಲನೆಯ ಮಗು ವಿಷಯ ಮುಟ್ಟಿಸಿದೆ, ಅದಕ್ಕೂ ಅಂಕ ಸಲ್ಲಬೇಕು. ಅದು ‘ದಿ’ ಬಿಟ್ಟದ್ದನ್ನು ಅಜ್ಞಾನವೆಂದು ಕೆಂಪು ಶಾಯಿಯಲ್ಲಿ ಹೊಡೆಯುವುದು ತಪ್ಪು, ಕನ್ನಡ, ತೆಲುಗು, ತಮಿಳು ಮೂರರಲ್ಲೂ ಅಂಥ ಆರ್ಟಿಕಲ್ ಇಲ್ಲ. ಅಲ್ಲಿ ಬೇಕಾದದ್ದು ಅಭ್ಯಾಸ.

ಇಡೀ ಪತ್ರಿಕೆಯಲ್ಲಿ ಈ ದಿಕ್ಕಿಗೆ ಹತ್ತಿರವಾಗಿರುವುದು ದಾರಿ ತೋರಿಸುವ ನಕ್ಷೆಯ ಪ್ರಶ್ನೆ. ಅಪರಿಚಿತನಿಗೆ ಬ್ಯಾಂಕಿಗೋ ಆಸ್ಪತ್ರೆಗೋ ದಾರಿ ಹೇಳಲು ಭಾಷೆಯನ್ನು ನಿಜವಾಗಿ ಬಳಸಬೇಕು. ಅದಕ್ಕಿರುವುದು ಎರಡೇ ಅಂಕ.

ಮಟ್ಟ ನೋಡಿ ಅಳೆಯುವ ಪದ್ಧತಿ ಇಲ್ಲಿಗೆ ಹೊಸದೇನೂ ಅಲ್ಲ. ಮಕ್ಕಳ ಕಲಿಕೆಯನ್ನು ಅಳೆಯಲು ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಸರಳ ಪದ, ಸರಳ ವಾಕ್ಯ ಎಂಬ ನಾಲ್ಕು ಮೆಟ್ಟಿಲುಗಳಿವೆ. ಪದ ಅಥವಾ ವಾಕ್ಯ ಓದಿದ ಮಗುವನ್ನು ಅದರ ಅರ್ಥವೇನೆಂದು ಅದರದೇ ಭಾಷೆಯಲ್ಲಿ ಕೇಳುತ್ತಾರೆ. ಗಡಿನಾಡಿಗೆ ಇದಕ್ಕಿಂತ ನ್ಯಾಯವಾದ ಕ್ರಮವಿಲ್ಲ. ಆದರೆ ಸರಳ ವಾಕ್ಯದಿಂದ ಮೇಲಕ್ಕೆ ಅದರಲ್ಲಿ ಮೆಟ್ಟಿಲೇ ಇಲ್ಲ. ತಮಿಳುನಾಡು 2022ರಲ್ಲಿ ತಂದ ‘ಎಣ್ಣುಂ ಎಳುತ್ತುಂ’ ಯೋಜನೆ ಚಿಕ್ಕ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿಟ್ಟು ಕಲಿಸುತ್ತದೆ, ಇಂಗ್ಲಿಷನ್ನೂ ಹಾಗೆಯೇ. 2025ರ ‘ತಿರನ್’ ಯೋಜನೆ 6ರಿಂದ 9ನೆಯ ತರಗತಿಯಲ್ಲಿ ಹಿಂದುಳಿದವರನ್ನು ಗುರುತಿಸುತ್ತದೆ. ಇಷ್ಟು ಮಾಡಿದ ಇಲಾಖೆಯೇ ಹತ್ತನೆಯಲ್ಲಿ ಎಲ್ಲರ ಕೈಗೂ ಒಂದೇ ಅಳತೆಗೋಲು ಕೊಡುವುದು ವಿಷಾದದ ಸಂಗತಿ.

ಸಾರ್ವಜನಿಕ ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕೆಂಬ ವಾದದಲ್ಲಿ ಹುರುಳಿದೆ, ಪ್ರಮಾಣಪತ್ರಕ್ಕೆ ಸಮಾನತೆ ಬೇಕು. ಆದರೆ ಪತ್ರಿಕೆ ಒಂದೇ ಆದರೂ ಅದರೊಳಗಿನ ಪ್ರಶ್ನೆಗಳು ಕಿಟಕಿಯ ಪ್ರಶ್ನೆಯಂತೆ ಹಲವು ಮಟ್ಟದ ಉತ್ತರಗಳಿಗೆ ಎಡೆ ಕೊಡಬಹುದು. ಹೊಸೂರಿನ ಕೈಗಾರಿಕಾ ವಸಾಹತು ಸಿಪ್ಕಾಟ್‌ನಲ್ಲಿ ಕೆಲಸಕ್ಕೆ ಸೇರುವ ಹುಡುಗ ಯಂತ್ರದ ಮೇಲಿನ ಎಚ್ಚರಿಕೆ ಓದಬೇಕು, ಪಾಳಿಯ ವರದಿ ಬರೆಯಬೇಕು. ಅವನಿಗೆ ಎಷ್ಟು ಇಂಗ್ಲಿಷ್ ಬರುತ್ತದೆಂದು ಈಗಿನ ಪತ್ರಿಕೆಯ ಅಂಕ ಹೇಳುವುದಿಲ್ಲ. ಪ್ರಶ್ನೆಪತ್ರಿಕೆ ಬದಲಾಗುವವರೆಗೆ ತಳಿ, ಡೆಂಕಣಿಕೋಟೆಯ ಶಿಕ್ಷಕರು ಎಂಟನೆಯ ತರಗತಿಯ ಕಿರುಪರೀಕ್ಷೆಗಳಲ್ಲಾದರೂ ಅರ್ಥವನ್ನು ಮಗುವಿನ ಮನೆಮಾತಿನಲ್ಲಿ ಕೇಳಲಿ, ಉತ್ತರದ ಮಟ್ಟವನ್ನು ಅಂಕದ ಪಕ್ಕದಲ್ಲಿ ಬರೆದಿಡಲಿ.