ಒತ್ತಡದ ಆಮ್ಲಜನಕ ಮತ್ತು ಸ್ತನಶಸ್ತ್ರಕ್ರಿಯೆಯ ಗಾಯ: ಒಂದು ವಿಮರ್ಶೆ

ಸ್ತನದ ಶಸ್ತ್ರಕ್ರಿಯೆಯಾದ ಮೇಲೆ ಕಂದುವ ಚರ್ಮವನ್ನು ಅಧಿಕ ಒತ್ತಡದ ಆಮ್ಲಜನಕದಿಂದ ಉಳಿಸಿಕೊಳ್ಳಬಹುದೆಂಬ ವಾದವುಂಟು. ಅದರ ತಳಹದಿ ಗಟ್ಟಿಯಾದುದೇ. ಒಳಗಿನ ಭಾಗವನ್ನು ತೆಗೆದು ಮೇಲಿನ ಚರ್ಮವನ್ನು ಉಳಿಸಿದಾಗ ಆ ತೆಳುಪದರವು ತನ್ನಡಿಯ ಸೂಕ್ಷ್ಮ ರಕ್ತನಾಳಗಳನ್ನೇ ನಂಬಿ ಬದುಕಬೇಕು. ಸಾಧಾರಣ ಗಾಳಿಯನ್ನು ಉಸಿರಾಡುವಾಗ 100 ಮಿ.ಲೀ. ರಕ್ತದ್ರವದಲ್ಲಿ ಕರಗಿರುವ ಆಮ್ಲಜನಕ ಸುಮಾರು 0.3 ಮಿ.ಲೀ.; ಮೂರು ವಾಯುಭಾರದ ಕೊಠಡಿಯಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಅದು ಸುಮಾರು 6 ಮಿ.ಲೀ.ಗೆ ಏರುತ್ತದೆ. (ಚಿಕಿತ್ಸೆಯಲ್ಲಿ ಬಳಸುವ ಒತ್ತಡ ಸಾಮಾನ್ಯವಾಗಿ ಇದಕ್ಕಿಂತ ಕಡಮೆ.) ರಕ್ತಕಣಗಳನ್ನು ಬಹುಮಟ್ಟಿಗೆ ತೆಗೆದ ಹಂದಿಗಳೂ ಇಂಥ ಕೊಠಡಿಯಲ್ಲಿ ಕೆಲಕಾಲ ಬದುಕಿದ್ದುವೆಂಬ ಆಮ್‌ಸ್ಟರ್‌ಡ್ಯಾಮಿನ ಬೂರೆಮಾ ಅವರ ವರದಿ 1960ರಷ್ಟು ಹಳೆಯದು.

ಆದರೆ ಯುಕ್ತಿ ಬೇರೆ, ಪ್ರಮಾಣ ಬೇರೆ. ರಕ್ತವೇ ಹರಿಯದೆಡೆಗೆ ಆಮ್ಲಜನಕವೂ ಹೋಗಲಾರದು. ಸತ್ತ ಚರ್ಮವನ್ನು ಅದು ಎಬ್ಬಿಸದು. ಆದುದರಿಂದ ಚಿಕಿತ್ಸೆ ಬೇಗ ಮೊದಲಾಗಬೇಕು. ಹಸಿಗಾಯದ ವಿಷಯದಲ್ಲಿ ನಮಗೆ ದೊರೆಯುವುದಾದರೋ ಬಹುಪಾಲು ಬಿಡಿ ರೋಗಿಗಳ ವೃತ್ತಾಂತ, ಸಣ್ಣ ಗುಂಪುಗಳ ಲೆಕ್ಕ. ತಾನಾಗಿಯೇ ಮಾಯುತ್ತಿದ್ದ ಚರ್ಮವೆಷ್ಟು, ಕೊಠಡಿಯಿಂದ ಮಾಯ್ದುದೆಷ್ಟು ಎಂಬುದನ್ನು ಇವು ಬೇರ್ಪಡಿಸಿ ಹೇಳವು.

2024ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯು ಇದಕ್ಕಿಂತ ಮೇಲ್ತರದ್ದು. ಆದರೆ ಅದು ಸ್ತನಕ್ಕೆ ವಿಕಿರಣ ಚಿಕಿತ್ಸೆಯಾಗಿ ಬಹುಕಾಲ ಕಳೆದ ಮೇಲೂ ಉಳಿದ ನೋವು, ಬಿಗಿತಗಳನ್ನು ಕುರಿತದ್ದು. ಅದರ ಫಲವನ್ನು ಹಸಿಗಾಯಕ್ಕೆ ಕಡ ತರುವುದು ನ್ಯಾಯವಲ್ಲ. ಚಿಕಿತ್ಸೆಯ ಅವಕಾಶವಿತ್ತ ಗುಂಪಿನಲ್ಲಿ ಬಿಗಿತ ಉಳಿದವರು ನೂರಕ್ಕೆ 33, ಇತರರಲ್ಲಿ 51. ನೋವಿನ ಅಂತರ ಮಾತ್ರ ನಿರ್ಣಾಯಕವೆನಿಸಲಿಲ್ಲ. ನಮ್ಮ ಗಮನವನ್ನು ಹೆಚ್ಚಾಗಿ ಸೆಳೆದ ಸಂಖ್ಯೆ ಇನ್ನೊಂದು: ಅವಕಾಶ ಪಡೆದ 125 ಮಂದಿಯಲ್ಲಿ ಒಪ್ಪಿ ಮುಗಿಸಿದವರು 31 ಮಂದಿ. ಉಳಿದವರು ಹಿಂಜರಿಯಲು ಮುಖ್ಯ ಕಾರಣ ಚಿಕಿತ್ಸೆಯ ತೀವ್ರತೆ.

ಅಲ್ಲಿಯೇ ಹೀಗಾದರೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಹೆಣ್ಣುಮಗಳು ಏನು ಮಾಡಬೇಕು? ಬೆಂಗಳೂರಿಗೆ ಈ ವಿದ್ಯೆ ಅಪರಿಚಿತವಲ್ಲ. 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆಯಲ್ಲಿ ಇದರ ವಿಭಾಗವೇ ಉಂಟು. ಆದರೆ ಊರಿಗೂ ಬೆಂಗಳೂರಿಗೂ ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಿದೆ. ಹಸಿಗಾಯಕ್ಕೆ ಆ ಮೊದಲ ದಿನಗಳೇ ಮುಖ್ಯ. ವಿಕಿರಣದ ಬಿಗಿತಕ್ಕೋ ಮೂವತ್ತು ನಲವತ್ತು ಸಲ, ಹೆಚ್ಚುಕಡಮೆ ದಿನವೂ ಕೊಠಡಿಯಲ್ಲಿ ಕೂರಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಮನೆಮಕ್ಕಳನ್ನು ಬಿಟ್ಟು ಒಂದೂವರೆ ಎರಡು ತಿಂಗಳು ಆಕೆ ಯಾರ ಮನೆಯಲ್ಲಿ ಉಳಿದಾಳು? ಮುಂದಿನ ವರದಿಗಳಲ್ಲಿ ಗಾಯದ ಅಳತೆಯ ಪಕ್ಕದಲ್ಲಿಯೇ ಚಿಕಿತ್ಸೆ ಮೊದಲಾದ ದಿನವನ್ನೂ, ಒಪ್ಪದವರ ಮತ್ತು ಅರ್ಧಕ್ಕೆ ಬಿಟ್ಟವರ ಲೆಕ್ಕವನ್ನೂ, ಅವರು ಬಂದ ದೂರವನ್ನೂ ಬರೆಯಬೇಕೆಂದು ನಾವು ಕೇಳುತ್ತೇವೆ.